65.5 ಇದ್ದದ್ದು 66 ಯಾಕಾಯ್ತು? ಭೂವೈಜ್ಞಾನಿಕ ಕಾಲಮಾನ ಓದುವಾಗ ಬರೆದುಕೊಂಡದ್ದು

2004ರ ಭೂವೈಜ್ಞಾನಿಕ ಕಾಲಪಟ್ಟಿಯಲ್ಲಿ ಡೈನೋಸಾರ್‌ಗಳ ಕೊನೆಯ ಕಾಲವಾದ ಕ್ರಿಟೇಷಿಯಸ್ ಮುಗಿಯುವುದು 65.5 ದಶಲಕ್ಷ ವರ್ಷಗಳ ಹಿಂದೆ. 2012ರ ಪಟ್ಟಿಯಲ್ಲಿ 66.0. ನಡುವೆ ಐದು ಲಕ್ಷ ವರ್ಷ! ಯಾರೋ ಗಡಿಯನ್ನೇ ಸರಿಸಿದ್ದಾರೆ ಅಂದುಕೊಂಡು ನಿನ್ನೆ ರಾತ್ರಿಯೆಲ್ಲ ತಲೆ ಕೆಡಿಸಿಕೊಂಡೆ. ಸರಿಸಿಲ್ಲ.

ಗಡಿ ಇರುವುದು ಕಲ್ಲಿನಲ್ಲಿ, ಸಂಖ್ಯೆಯಲ್ಲಲ್ಲ. ಜಗತ್ತಿನಲ್ಲಿ ಒಂದು ಜಾಗ ಆರಿಸಿ, ಅಲ್ಲಿನ ಪದರದ ಒಂದು ಗೆರೆ ತೋರಿಸಿ, ಇಲ್ಲಿಂದ ಹೊಸ ಕಾಲ ಶುರು ಅಂತ ಒಪ್ಪಿಕೊಳ್ಳುತ್ತಾರೆ. ಅದೇ ಗೋಲ್ಡನ್ ಸ್ಪೈಕ್. ಮೊದಲನೆಯದು 1972ರಲ್ಲಿ, ಆಗಿನ ಜೆಕೊಸ್ಲೊವಾಕಿಯಾದ ಕ್ಲೋಂಕ್‌ನಲ್ಲಿ. ಕ್ರಿಟೇಷಿಯಸ್ ಮುಗಿಯುವ ಗೆರೆ ಟ್ಯುನೀಷಿಯಾದ ಎಲ್ ಕೆಫ್‌ನಲ್ಲಿದೆ, ಇರಿಡಿಯಂ ಅನ್ನೋ ಅಪರೂಪದ ಲೋಹ ಇರುವ ಜೇಡಿಪದರದ ಬುಡದಲ್ಲಿ. ಅದು ಕದಲಿಲ್ಲ. ಅಳತೆ ಬದಲಾಯಿತು.

ಅಳತೆ ಯಾಕೆ ಬದಲಾಯಿತು? ನಾನು ಎಡವಿದ್ದು ಇಲ್ಲೇ, ನಿಧಾನವಾಗಿ ಬರೆಯುತ್ತೇನೆ. ಕಲ್ಲಿನ ವಯಸ್ಸು ಅಳೆಯುವ ಆರ್ಗಾನ್-ಆರ್ಗಾನ್ ವಿಧಾನದಲ್ಲಿ ಜ್ವಾಲಾಮುಖಿ ಬೂದಿಯ ಹರಳನ್ನು ಒಂಟಿಯಾಗಿ ಅಳೆಯಲು ಆಗುವುದಿಲ್ಲ. ವಯಸ್ಸು ಗೊತ್ತಿರುವ ಇನ್ನೊಂದು ಹರಳನ್ನು ಜೊತೆಗಿಟ್ಟು, ಎರಡನ್ನೂ ರಿಯಾಕ್ಟರ್‌ನಲ್ಲಿ ನ್ಯೂಟ್ರಾನ್‌ಗೆ ಒಡ್ಡಿ, ಆಮೇಲೆ ಹೋಲಿಸುತ್ತಾರೆ. ತಕ್ಕಡಿಯಲ್ಲಿ ತೂಕದ ಬಟ್ಟು ಇಟ್ಟ ಹಾಗೆ. 1 ಕೆಜಿ ಅಂತ ನಂಬಿದ ಬಟ್ಟು ನಿಜಕ್ಕೂ 1 ಕೆಜಿ 6 ಗ್ರಾಂ ಇದ್ದರೆ, ಅದರಲ್ಲಿ ತೂಗಿದ ಅಕ್ಕಿ, ಬೇಳೆ, ಬೆಲ್ಲ ಎಲ್ಲವೂ ಅಷ್ಟೇ ಪಾಲು ಜಾಸ್ತಿ ಇರುತ್ತೆ ಅಲ್ವಾ? ಇಲ್ಲಿ ಬಟ್ಟು ಅಂದ್ರೆ ಅಮೆರಿಕದ ಕೊಲರಾಡೋದ ಫಿಶ್ ಕ್ಯಾನ್ಯನ್ ಬೂದಿಯಲ್ಲಿರುವ ಸ್ಯಾನಿಡಿನ್ ಅನ್ನೋ ಖನಿಜದ ಹರಳು. ಅದರ ವಯಸ್ಸು 28.02 ದಶಲಕ್ಷ ಅಂತ ಹಿಡಿದಿದ್ದರು. ಮೊರಾಕೋದಲ್ಲಿ ಭೂಮಿಯ ಕಕ್ಷೆಯ ಏರಿಳಿತಕ್ಕೆ ತಕ್ಕಂತೆ ಮೂಡಿದ ಸಮುದ್ರಪದರಗಳಿವೆ. ಅವುಗಳ ಪಟ್ಟೆ ಎಣಿಸಿ ನಡುವಿನ ಬೂದಿಯ ವಯಸ್ಸು ತಿಳಿದು, ಅದರ ಜೊತೆ ಈ ಬಟ್ಟನ್ನು ಹೋಲಿಸಿ ನೋಡಿದಾಗ, 2008ರಲ್ಲಿ, 28.201 ಬಂತು.

ಈಗ ಲೆಕ್ಕ. 28.201 ÷ 28.02 = 1.0065. ಅದನ್ನು 65.5ರಿಂದ ಗುಣಿಸಿ: 65.9. ಹೆಚ್ಚುಕಡಿಮೆ 66 ಬಂದೇಬಿಟ್ಟಿತು! ಪಕ್ಕಾ ಸೂತ್ರದಲ್ಲಿ ಲಾಗರಿದಮ್ ಇದೆ, ಆದರೆ ಇಷ್ಟು ವಯಸ್ಸಿಗೆ ಬರೀ ಗುಣಾಕಾರ ಸಾಕು. ಕೈಯಾರೆ ಮಾಡಿ ನೋಡಿ, ತುಂಬಾ ಖುಷಿಯಾಗುತ್ತೆ.

ಹಾಗಾಗಿ ಸಂಖ್ಯೆ ಬದಲಾದದ್ದು ಕಂಡರೆ ನಾನೀಗ ಮೊದಲು ನೋಡುವುದು ಗೆರೆ ಅದೇನಾ ಅಂತ. ಕ್ಯಾಂಬ್ರಿಯನ್ ಅನ್ನೋ ಕಾಲದ ಶುರು 541ರಿಂದ 538.8 ದಶಲಕ್ಷಕ್ಕೆ ಬಂತು, ಆದರೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಫಾರ್ಚೂನ್ ಹೆಡ್‌ನಲ್ಲಿ 1992ರಲ್ಲಿ ಒಪ್ಪಿದ ಗೆರೆ ಅಲ್ಲೇ ಇದೆ. ಗೆರೆಯೇ ಬದಲಾದದ್ದು ಹಿಮಯುಗಗಳ ಕಾಲವಾದ ಪ್ಲೈಸ್ಟೊಸೀನ್‌ನಲ್ಲಿ. 2009ರಲ್ಲಿ ಅದರ ಆರಂಭವನ್ನು 1.8ರಿಂದ 2.58 ದಶಲಕ್ಷಕ್ಕೆ ಹಿಂದೆ ತಳ್ಳಿದರು. ಗೆರೆ ಇಟಲಿಯ ವ್ರಿಕಾದಿಂದ ಸಿಸಿಲಿಯ ಮಾಂಟೆ ಸಾನ್ ನಿಕೋಲಾಗೆ ಹೋಯಿತು. ಹಿಮಯುಗದ ಚಳಿ ಅಷ್ಟು ಮುಂಚೆಯೇ ಶುರುವಾಗಿತ್ತು ಅನ್ನುವುದು ಕಾರಣ. ಅದರ ಹಿಂದಿನ ಕಾಲವಾದ ಪ್ಲಿಯೊಸೀನ್‌ನಲ್ಲಿದ್ದ ಜೆಲೇಸಿಯನ್ ಅನ್ನೋ ಉಪವಿಭಾಗ ಇಡಿಯಾಗಿ ಪ್ಲೈಸ್ಟೊಸೀನ್‌ಗೆ ಬಂತು. ಇಲ್ಲಿ ಬಟ್ಟಿನ ತಪ್ಪಿಲ್ಲ, ಹೆಸರಿನ ತೀರ್ಮಾನ.

ಇನ್ನೊಂದು ಮಾತು. ತೀರಾ ಹಳೆಯ ಕಾಲದಲ್ಲಿ ಈ ನಿಯಮ ತಲೆಕೆಳಗು. ಆರ್ಕಿಯನ್ ಅನ್ನೋ ಆ ಹಳೆಯ ಕಾಲ ಮುಗಿಯುವುದಕ್ಕೆ ಯಾವ ಕಲ್ಲಿನ ಗೆರೆಯೂ ಇಲ್ಲ, ಸುಮ್ನೆ 2500 ದಶಲಕ್ಷ ಅಂತ ದುಂಡು ಸಂಖ್ಯೆ ಒಪ್ಪಿಕೊಂಡಿದ್ದಾರೆ. ಲಾಲ್‌ಬಾಗ್‌ನ ಬಂಡೆ ಸುಮಾರು 3000 ದಶಲಕ್ಷ ವರ್ಷದ್ದು, ಆದ್ದರಿಂದ ಆರ್ಕಿಯನ್. ಅಲ್ಲಿ ಸಂಖ್ಯೆಯೇ ಗಡಿ.