ಪಕ್ಕೆಲುಬು ಕಂಡರೆ ಗಾಬರಿಯಾಗಬೇಡಿ

ಮುಧೋಳ ನಾಯಿಯನ್ನು ಮೊದಲ ಸಲ ಕಂಡವರ ಪ್ರಶ್ನೆ ಒಂದೇ: ‘ಇದಕ್ಕ ಹೊಟ್ಟಿಗಿ ಹಾಕ್ತೀರೋ ಇಲ್ಲೋ?’ ಒಳಕ್ಕೆ ಎಳೆದುಕೊಂಡ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು, ಕಡ್ಡಿಯಂಥ ಕಾಲು. ಆದರೆ ಅದು ಹಸಿದ ನಾಯಿಯಲ್ಲ, ಓಟಕ್ಕೆಂದೇ ತಿದ್ದಿದ ಮೈ.

ಭುಜದ ಬಳಿ ಸುಮಾರು 70 ಸೆಂ.ಮೀ. ಎತ್ತರ. ಆಳವಾದ ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶಗಳಿಗೆ ಧಾರಾಳ ಜಾಗ. ಓಡುವಾಗ ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುತ್ತದೆ. ಒಂದು ನೆಗೆತದ ಸುತ್ತಿನಲ್ಲಿ ಎರಡು ಸಲ, ಮೈ ಚಾಚಿದಾಗೊಮ್ಮೆ ಮುದುಡಿದಾಗೊಮ್ಮೆ, ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಚಿರತೆಯ ಬಂಧು ಚೀತಾ ಓಡುವುದೂ ಹೀಗೆಯೇ. ಇನ್ನು ಕಣ್ಣು. ಉದ್ದ ಮೂತಿಯ ನಾಯಿಗಳ ಅಕ್ಷಿಪಟಲದಲ್ಲಿ ನೋಟದ ಕೋಶಗಳು ಅಡ್ಡಪಟ್ಟಿಯಾಗಿ ದಟ್ಟವಾಗಿರುತ್ತವೆ. ಹಾಗಾಗಿ ದಿಗಂತದಲ್ಲಿ ಮೊಲವೊಂದು ಮಿಸುಕಿದರೂ ಸಾಕು. ಮರ ಕಡಿಮೆಯಿರುವ ಬಯಲುಸೀಮೆಗೆ ಮೂಗಿಗಿಂತ ಕಣ್ಣನ್ನು ನಂಬುವ ಬೇಟೆಗಾರನೇ ಸರಿ.

ಇದರ ರೂಪ ಪಶ್ಚಿಮ ಏಷ್ಯಾದ ಸಲೂಕಿ, ಮಧ್ಯ ಏಷ್ಯಾದ ತಾಜಿ ನಾಯಿಗಳನ್ನು ಹೋಲುತ್ತದೆ. ವ್ಯಾಪಾರಿಗಳು, ಸೈನಿಕರ ಹಿಂದೆ ದಖನ್ನಿಗೆ ಬಂದ ನಾಯಿಗಳ ಸಂತತಿ ಇದು ಎಂಬ ಮಾತಿಗೆ ಅದೇ ಬಲ. ಮಹಾರಾಷ್ಟ್ರದಲ್ಲಿ ಇದಕ್ಕಿರುವ ‘ಕಾರವಾನ್’ (ಒಟ್ಟಾಗಿ ಸಾಗುವ ವ್ಯಾಪಾರಿಗಳ ತಂಡ) ಎಂಬ ಹೆಸರೂ ಅತ್ತಲೇ ಬೆರಳು ತೋರುತ್ತದೆ. ಬೇಡರ ಬಳಿಯಿದ್ದ ನಾಯಿಗಳನ್ನು ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಸಾಕಿ ಬೆಳೆಸಿದರು, ಇಂಗ್ಲೆಂಡಿನ ಐದನೇ ಜಾರ್ಜ್‌ಗೆ ಜೋಡಿಯೊಂದನ್ನು ಕಾಣಿಕೆ ಕೊಟ್ಟರು ಎಂದು ಊರವರು ಇಂದಿಗೂ ಹೆಮ್ಮೆಪಡುತ್ತಾರೆ. 2005ರಲ್ಲಿ ಅಂಚೆಚೀಟಿ ಬಂತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಮರಿಗಳು ಸೇನೆಯ ತರಬೇತಿಗೆಂದು ಮೇರಠ್‌ಗೂ ಹೋದವು. 1972ರ ವನ್ಯಜೀವಿ ಕಾಯ್ದೆಯಡಿ ಮೊಲದ ಬೇಟೆ ಈಗ ಅಪರಾಧ; ಹಳೆಯ ಕಸುಬು ಹೋದ ನಾಯಿಗೆ ಕಾವಲು ಹೊಸ ಕೆಲಸ.

ಸಾಕುವವರು ಮೊದಲು ಮಾಡುವ ತಪ್ಪೆಂದರೆ ‘ಬಡಕಲಾಗಿದೆ’ ಎಂದು ತುರುಕುವುದು. ಜೋಳದ ನುಚ್ಚು, ಹಾಲು, ಮೊಟ್ಟೆ ತಿಂದು ಹಳ್ಳಿಯಲ್ಲಿ ಗಟ್ಟಿಮುಟ್ಟಾಗಿರುವ ತಳಿ ಇದು. ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದೇ ಆರೋಗ್ಯ. ತಿಂದ ಕೂಡಲೇ ಓಡಿಸಬೇಡಿ: ಆಳದ ಎದೆಯ ನಾಯಿಗಳಲ್ಲಿ ಜಠರ ಉಬ್ಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು. ಹೊಟ್ಟೆ ಬಿಗಿದು, ವಾಂತಿ ಬರದೆ ಬರೀ ಓಕರಿಕೆಯಾದರೆ ಬೆಳಗಾಗಲೆಂದು ಕಾಯುವಂತಿಲ್ಲ. ಮೈಯಲ್ಲಿ ಕೊಬ್ಬಿಲ್ಲ, ಕೂದಲೂ ಗಿಡ್ಡ, ಬರಿಯ ಸಿಮೆಂಟಿನ ಮೇಲೆ ಮಲಗಿದರೆ ಮೊಣಕೈ ಹುಣ್ಣಾಗುತ್ತದೆ. ದಪ್ಪ ಗೋಣಿಚೀಲ ಹಾಸಿ.

ಫ್ಲ್ಯಾಟಿನ ಬಾಲ್ಕನಿಯಲ್ಲಿ ಕಟ್ಟಿಹಾಕುವುದಾದರೆ, ನನ್ನ ಮಟ್ಟಿಗೆ, ಬೇರೆ ತಳಿ ನೋಡಿಕೊಳ್ಳುವುದು ಮೇಲು. ದಿನವೂ ಬೇಲಿಯಿರುವ ಬಯಲಿನಲ್ಲಿ ಓಟ ಬೇಕು. ಬೀದಿಯಲ್ಲಿ ಹಗ್ಗ ಬಿಡಬೇಡಿ. ದೂರದಲ್ಲಿ ಬೆಕ್ಕು ಕಂಡರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ.

ಶಸ್ತ್ರಚಿಕಿತ್ಸೆಯಿದ್ದರೆ ತಳಿ ಯಾವುದೆಂದು ವೈದ್ಯರಿಗೆ ಮೊದಲೇ ಹೇಳಿ. ಇದೇ ಮೈಕಟ್ಟಿನ ಗ್ರೇಹೌಂಡ್‌ಗಳಲ್ಲಿ ಥಯೋಪೆಂಟಾಲ್‌ನಂಥ ಅರಿವಳಿಕೆಯನ್ನು ಯಕೃತ್ತು ನಿಧಾನವಾಗಿ ಕರಗಿಸುತ್ತದೆ. ಹೀರಿಕೊಳ್ಳಲು ಕೊಬ್ಬೂ ಕಡಿಮೆ. ಬೇರೆ ನಾಯಿ ಎದ್ದು ಬಾಲ ಆಡಿಸುವ ಹೊತ್ತಿಗೂ ಇಂಥ ನಾಯಿ ಮಂಪರಿನಲ್ಲೇ ಇರಬಹುದು.