ಮಡಕೆಯೊಳಗಿನ ಇನ್ಸುಲಿನ್

ಜಗಳೂರು ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ಸೋದರತ್ತೆ ಹೋದ ಬೇಸಿಗೆಯಲ್ಲಿ ದಾವಣಗೆರೆಗೆ ಬಂದಿದ್ದರು. ನೀರು ಕುಡಿದು ಕೂತವರೇ ಚೀಲದಿಂದ ಇನ್ಸುಲಿನ್ ಬಾಟ್ಲಿ ತೆಗೆದು ನನ್ನ ಕೈಗಿಟ್ಟರು. "ಇದು ಯಾಕೋ ಹತ್ತುತ್ತಿಲ್ಲ ಕಣಪ್ಪ. ಒಂದು ಹೊತ್ತೂ ಸೂಜಿ ತಪ್ಪಿಸಿಲ್ಲ. ಶುಗರ್ ಮಾತ್ರ ಮುನ್ನೂರರಿಂದ ಕೆಳಗೆ ಇಳೀತಿಲ್ಲ" ಅಂದರು.

ಔಷಧದ ಅಂಗಡಿಯಲ್ಲಿ ಕೂತು ಹದಿನೈದು ವರ್ಷ ಆಯಿತು ನನಗೆ. ಬಾಟ್ಲಿಯನ್ನು ಎರಡು ಅಂಗೈ ನಡುವೆ ಮೆಲ್ಲಗೆ ಉರುಳಿಸಿ ಬೆಳಕಿಗೆ ಹಿಡಿದೆ. ಅತ್ತೆಯದು 30/70 ಮಿಶ್ರಣ, ಅಂದರೆ ಬೇಗ ಕೆಲಸ ಮಾಡುವ ಇನ್ಸುಲಿನ್ 30 ಪಾಲು, ನಿಧಾನದ್ದು 70 ಪಾಲು. ಉರುಳಿಸಿದರೆ ನೀರು ಬೆರೆಸಿದ ಹಾಲಿನ ಹಾಗೆ ಒಂದೇ ಸಮ ಬೆಳ್ಳಗಾಗಬೇಕು. ಆಗಲಿಲ್ಲ. ಹಾಲು ಒಡೆದಂತೆ ಸಣ್ಣ ಸಣ್ಣ ಚೂರು ತೇಲುತ್ತಿದ್ದವು. ಕೆಲವು ಗಾಜಿಗೆ ಅಂಟಿಕೊಂಡಿದ್ದವು.

"ಎಲ್ಲಿಟ್ಟಿದ್ರಿ ಅತ್ತೆ?"

"ನಮ್ಮನೇಲಿ ಎಲ್ಲಿ ಫ್ರಿಜ್ಜು? ಪಕ್ಕದ ಮನೆಯವರದ್ದರಲ್ಲಿ ಇಟ್ಟಿದ್ದೆ. ಕರೆಂಟ್ ಹೋದರೂ ತಣ್ಣಗಿರಲಿ ಅಂತ ಐಸ್ ಆಗೋ ಜಾಗದಲ್ಲೇ ಇಡಿಸಿದ್ದೆ."

ಪಾಪ, ಬಿಸಿಲಿಗೆ ಹೆದರಿ ಮಂಜುಗಡ್ಡೆಯ ಬಾಯಿಗೆ ಕೊಟ್ಟಿದ್ದರು. ಅಷ್ಟು ದಿನ ಚುಚ್ಚಿಕೊಂಡ ಸೂಜಿಯ ನೋವೆಲ್ಲ ದಂಡ.

ತಣ್ಣಗಿದ್ದಷ್ಟೂ ಔಷಧ ಚೆನ್ನಾಗಿರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಇನ್ಸುಲಿನ್ ವಿಷಯದಲ್ಲಿ ಈ ನಂಬಿಕೆ ಅಪಾಯ. ಅದಕ್ಕೆ ಬೇಕಾದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್. ಗಡ್ಡೆ ಕಟ್ಟಿತೋ, ಕೆಟ್ಟಿತು. ಕರಗಿದ ಮೇಲೆ ನೋಡಲು ಮೊದಲಿನ ಹಾಗೇ ಕಂಡರೂ ಬಳಸಬಾರದು. ಒಂದೇ ಬಾಗಿಲಿನ ಹಳೇ ಫ್ರಿಜ್‌ಗಳಲ್ಲಿ ಐಸ್ ಪೆಟ್ಟಿಗೆಯೊಳಗಷ್ಟೇ ಅಲ್ಲ, ಅದರ ಕೆಳಗಿನ ತಟ್ಟೆಯಲ್ಲಿ ಇಟ್ಟರೂ ಒಮ್ಮೊಮ್ಮೆ ಹೆಪ್ಪುಗಟ್ಟುತ್ತದೆ.

ಯಾಕೆ ಹೀಗೆ? ಇನ್ಸುಲಿನ್ ಒಂದು ಪ್ರೋಟೀನು. 51 ಅಮೈನೋ ಆಮ್ಲಗಳು ಎರಡು ಸರವಾಗಿ, ಆ ಸರಗಳು ಒಂದಕ್ಕೊಂದು ಹೆಣೆದು, ಒಂದು ನಿರ್ದಿಷ್ಟ ಆಕಾರಕ್ಕೆ ಮಡಚಿಕೊಂಡಿರುತ್ತವೆ. ಬೀಗದ ಕೈಗೆ ಹಲ್ಲು ಹೇಗೋ, ಇದಕ್ಕೆ ಈ ಆಕಾರ ಹಾಗೆ. ಆ ಆಕಾರವನ್ನು ಕಂಡುಹಿಡಿಯಲು ಬ್ರಿಟನ್ನಿನ ವಿಜ್ಞಾನಿ ಡೊರೊತಿ ಹಾಡ್ಜ್‌ಕಿನ್ 1934ರಲ್ಲಿ ಶುರು ಮಾಡಿದ ಕೆಲಸ ಮುಗಿದದ್ದು 1969ರಲ್ಲಿ. ಆಕ್ಸ್‌ಫರ್ಡ್‌ನ ಆ ತಂಡದಲ್ಲಿ ನಮ್ಮ ದೇಶದ ಎಂ. ವಿಜಯನ್ ಕೂಡ ಇದ್ದರು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಟ್ಟಲೆ ದುಡಿದವರು ಅವರು. ಈ ಬಾಟ್ಲಿ ಹಿಡಿದಾಗಲೆಲ್ಲ ನನಗೆ ಆ ಮೂವತ್ತೈದು ವರ್ಷ ನೆನಪಾಗುತ್ತದೆ.

ಬಾಟ್ಲಿಯೊಳಗೆ ಆರಾರು ಇನ್ಸುಲಿನ್ ಅಣುಗಳು ಸತುವಿನ ಸುತ್ತ ಗುಂಪು ಕಟ್ಟಿಕೊಂಡು ಭದ್ರವಾಗಿರುತ್ತವೆ. ಜಾಸ್ತಿ ಬಿಸಿಯಾದರೆ, ಅದರಲ್ಲೂ ಬಿಸಿಯಲ್ಲಿ ಕುಲುಕಾಡಿದರೆ, ಮಡಚಿದ ಸರಗಳು ಬಿಚ್ಚಿಕೊಂಡು ಅಣುಗಳು ಒಂದಕ್ಕೊಂದು ಅಂಟಿ ನೂಲಿನಂತಾಗುತ್ತವೆ. ಹೆಪ್ಪುಗಟ್ಟಿದರೆ ಬೇರೆ ತೊಂದರೆ. ಮಿಶ್ರಣದಲ್ಲಿ ನಿಧಾನವಾಗಿ ಕೆಲಸ ಮಾಡುವ ಭಾಗ ಅತಿ ಸಣ್ಣ ಹರಳುಗಳ ರೂಪದಲ್ಲಿರುತ್ತದೆ. ಮಂಜು ಕಟ್ಟಿದಾಗ ಆ ಹರಳುಗಳು ಒತ್ತಿಕೊಂಡು ಗಂಟಾಗುತ್ತವೆ. ಅತ್ತೆಯ ಬಾಟ್ಲಿಯಲ್ಲಿ ತೇಲುತ್ತಿದ್ದದ್ದು ಆ ಗಂಟುಗಳೇ. ಒಂದು ಸಲ ಸಿರಿಂಜಿಗೆ ಔಷಧ ಹೆಚ್ಚು ಬರುತ್ತದೆ, ಇನ್ನೊಂದು ಸಲ ಬರೀ ನೀರು.

ಹಾಗಾದರೆ ಫ್ರಿಜ್ ಇಲ್ಲದವರು ಏನು ಮಾಡಬೇಕು? ಬಯಲುಸೀಮೆಯ ಏಪ್ರಿಲ್ ಬಿಸಿಲಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಖುಷಿಯ ಸಂಗತಿ ಅಂದರೆ, ಇದೇ ಪ್ರಶ್ನೆಯನ್ನು ಹಿಡಿದು ಈಚಿನ ವರ್ಷಗಳಲ್ಲಿ ಗಟ್ಟಿಯಾದ ಸಂಶೋಧನೆ ನಡೆದಿದೆ.

ಉತ್ತರ ಕೀನ್ಯಾದಲ್ಲಿ ಡಗಹಾಲೆ ಅಂತ ಒಂದು ನಿರಾಶ್ರಿತರ ಶಿಬಿರ. ಅಲ್ಲಿನ ಗುಡಿಸಲುಗಳಲ್ಲಿ ಫ್ರಿಜ್ ಇಲ್ಲ. ಹಾಗಾಗಿ ಶುಗರ್ ಇರುವವರು ಸೂಜಿ ಹಾಕಿಸಿಕೊಳ್ಳಲು ದಿನಾ ಆಸ್ಪತ್ರೆಗೆ ನಡೆಯಬೇಕಿತ್ತು. ಎಂಎಸ್‌ಎಫ್ ಎಂಬ ಅಂತರರಾಷ್ಟ್ರೀಯ ವೈದ್ಯರ ಸಂಸ್ಥೆಯವರು ಆ ಮನೆಗಳೊಳಗಿನ ತಾಪಮಾನವನ್ನು ಅಳೆದರು. ಹಗಲು 37 ಡಿಗ್ರಿಗೆ ಏರಿ ರಾತ್ರಿ 25ಕ್ಕೆ ಇಳಿಯುತ್ತಿತ್ತು. ಇದೇ ಏರಿಳಿತವನ್ನು ಜಿನೀವಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಮತ್ತೆ ಉಂಟುಮಾಡಿ, ನಾಲ್ಕು ವಾರ ಇನ್ಸುಲಿನ್ ಇಟ್ಟು ಪರೀಕ್ಷಿಸಿದರು. ಫಲಿತಾಂಶ 2021ರಲ್ಲಿ ಬಂತು. ನಷ್ಟವಾದದ್ದು ನೂರಕ್ಕೆ ಒಂದು ಪಾಲಿಗಿಂತ ಹೆಚ್ಚಲ್ಲ. ಫ್ರಿಜ್‌ನಲ್ಲಿಟ್ಟದ್ದೂ ಅಷ್ಟೇ. ಅಂದರೆ ಬಾಟ್ಲಿ ಮನೆಯಲ್ಲೇ ಇಟ್ಟುಕೊಂಡು, ಸೂಜಿ ತಾವೇ ಹಾಕಿಕೊಂಡು, ತಮ್ಮ ಕೆಲಸಕ್ಕೆ ಹೋಗಬಹುದು. ದಿನಾ ಆಸ್ಪತ್ರೆಗೆ ಅಲೆಯುವವರಿಗೆ ಇದು ಎಷ್ಟು ದೊಡ್ಡ ಮಾತು, ಅಲ್ವಾ?

2023ರಲ್ಲಿ ಕಾಕ್ರೇನ್ ಸಂಸ್ಥೆಯವರು ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿ ನೋಡಿದರು. ತೆರೆಯದ ಮಾನವ ಇನ್ಸುಲಿನ್ (ಮನುಷ್ಯರ ಮೈಯಲ್ಲಿ ಆಗುವಂಥದ್ದೇ ಇನ್ಸುಲಿನ್) ಬಾಟ್ಲಿಗಳನ್ನು 25 ಡಿಗ್ರಿವರೆಗೆ ಆರು ತಿಂಗಳು, 37 ಡಿಗ್ರಿವರೆಗೆ ಎರಡು ತಿಂಗಳು ಇಟ್ಟರೂ ಹೇಳಿಕೊಳ್ಳುವಂಥ ಶಕ್ತಿ ಕುಂದುವುದಿಲ್ಲ ಎಂದರು. ಆದರೆ 2009ರಲ್ಲಿ ಪುದುಚೇರಿಯ ಜಿಪ್ಮರ್ ವೈದ್ಯಕೀಯ ಸಂಸ್ಥೆಯಲ್ಲಿ ನಡೆದ ಅಧ್ಯಯನ ಬೇರೆ ಹೇಳಿತ್ತು. 32 ಮತ್ತು 37 ಡಿಗ್ರಿಯಲ್ಲಿ 28 ದಿನ ಇಟ್ಟ ಇನ್ಸುಲಿನ್‌ನ ಶಕ್ತಿ ನೂರಕ್ಕೆ 14ರಿಂದ 18ರಷ್ಟು ಇಳಿದಿತ್ತು. ಹಾಗಾಗಿ ಬಿಸಿಲಲ್ಲಿ ಹೇಗೆ ಬೇಕಾದರೂ ಇಡಿ ಅಂತ ನಾನು ಯಾರಿಗೂ ಹೇಳಲಾರೆ. ಫ್ರಿಜ್ ಇಲ್ಲ ಅಂತ ಇನ್ಸುಲಿನ್ ಬಿಡಬೇಡಿ, ಆದಷ್ಟು ತಂಪಾಗಿಡಿ ಅಂತ ಮಾತ್ರ ಧೈರ್ಯವಾಗಿ ಹೇಳುತ್ತೇನೆ.

ತಂಪಿಗೆ ಮಡಕೆ ಸಾಕು. ಒಂದು ಗ್ರಾಂ ನೀರನ್ನು 30 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು 70 ಕ್ಯಾಲರಿ ಶಾಖ ಬೇಕು. ಅದೇ ಒಂದು ಗ್ರಾಂ ನೀರು ಕುದಿಯದೆ ಸುಮ್ನೆ ಆವಿಯಾಗಿ ಆರಿಹೋಗಲು ಸುಮಾರು 580 ಕ್ಯಾಲರಿ ಬೇಕು. ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆರುವಾಗ ಆ ಶಾಖವನ್ನು ಮಡಕೆಯಿಂದಲೇ ಕಿತ್ತುಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆರುತ್ತದೆ. ಅದಕ್ಕೇ ಮಂಗಳೂರಿನ ಬೆವರುವ ಸೆಕೆಯಲ್ಲಿ ಮಡಕೆ ಅಷ್ಟಾಗಿ ತಂಪಾಗುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆ ಗಾಳಿ ಒಣ, ಮೇಲಾಗಿ ಬೀಸುತ್ತಲೇ ಇರುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದೂ ಅದಕ್ಕೇ ತಾನೇ. ಮಳೆ ಕೊಡದ ಆ ಗಾಳಿ ಈ ಒಂದು ಕೆಲಸಕ್ಕೆ ಒದಗಿಬರುತ್ತದೆ.

ಅತ್ತೆಗೆ ನಾನೇ ಮಾಡಿಕೊಟ್ಟೆ. ದೊಡ್ಡ ಮಡಕೆಯೊಳಗೆ ಚಿಕ್ಕದೊಂದು, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಗೋಣಿ ಬಟ್ಟೆ. ಬಾಟ್ಲಿಗೆ ನೀರು ತಾಗದಂತೆ ಮುಚ್ಚಳದ ಡಬ್ಬಿ. ಬಿಸಿಲು ಬೀಳದ, ಗಾಳಿಯಾಡುವ ಪಡಸಾಲೆ ಮೂಲೆಯಲ್ಲಿ ಇಟ್ಟೆವು. ಬಾಗಿಲು ಹಾಕಿದ ಕೋಣೆಯಲ್ಲಿಟ್ಟರೆ ಪ್ರಯೋಜನವಿಲ್ಲ. ಬಳಸಲು ಶುರು ಮಾಡಿದ ದಿನ ಪೆನ್ನಿನಲ್ಲಿ ಲೇಬಲ್ ಮೇಲೆ ಬರೆದೆ. ಅವರ ಬಾಟ್ಲಿಗೆ ಅಲ್ಲಿಂದ ನಾಲ್ಕು ವಾರ ಗಡುವು. ಔಷಧ ಮಿಕ್ಕಿದ್ದರೂ ಆಮೇಲೆ ಬೇಡ.

ಒಂದು ವಿಷಯಕ್ಕೆ ಮಾತ್ರ ನನಗೆ ನಿಜವಾಗಿ ಭಯವಾಯಿತು. ಶುಗರ್ ಇಳಿಯುತ್ತಿಲ್ಲ ಅಂತ ಅತ್ತೆ ಊರ ಹತ್ತಿರದ ಡಾಕ್ಟರ ಬಳಿ ಹೋಗಿದ್ದರು. ಅವರು ಬೆಳಗಿನ ಪ್ರಮಾಣವನ್ನು 20 ಯೂನಿಟ್‌ನಿಂದ 28ಕ್ಕೆ ಏರಿಸಿದ್ದರು. ಕೆಟ್ಟ ಔಷಧಕ್ಕೆ ಏರಿಸಿದ ಲೆಕ್ಕವನ್ನು ಒಳ್ಳೇ ಔಷಧಕ್ಕೂ ಮುಂದುವರಿಸಿದರೆ ಶುಗರ್ ದಿಢೀರ್ ಕುಸಿಯುತ್ತದೆ. ಕೈ ನಡುಕ, ಬೆವರು, ಕಣ್ಣು ಕತ್ತಲೆ. ಹೊಲದಲ್ಲಿ ಒಬ್ಬರೇ ಇದ್ದಾಗ ಹಾಗಾದರೆ ಯಾರು ನೋಡುತ್ತಾರೆ? ಹೊಸ ಬಾಟ್ಲಿ ಚುಚ್ಚುವ ಮೊದಲೇ ಅದೇ ಡಾಕ್ಟರಿಗೆ ಫೋನ್ ಮಾಡಿ ಬಾಟ್ಲಿಯ ಕತೆ ಹೇಳಿದೆ. ಮತ್ತೆ 20ರಿಂದ ಶುರು ಮಾಡಿಸಿ, ನಾಲ್ಕು ದಿನ ಬೆಳಗ್ಗೆ ಸಂಜೆ ಬೆರಳು ಚುಚ್ಚಿ ನೋಡಿ ಎಂದರು.

ಸಿರಿಂಜನ್ನೂ ತೆಗೆಸಿ ನೋಡಿದೆ. ನಮ್ಮಲ್ಲಿ ಬಾಟ್ಲಿ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್, ಅದರ ಸಿರಿಂಜಿಗೆ ಕೆಂಪು ಟೋಪಿ. 100 ಯೂನಿಟ್‌ನದಕ್ಕೆ ಕಿತ್ತಳೆ ಟೋಪಿ. 40ರ ಬಾಟ್ಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆತನಕ ಎಳೆದರೆ ಮೈಗೆ ಹೋಗುವುದು ಎಂಟೇ ಯೂನಿಟ್. ತಿರುಗಾ ಮುರುಗಾ ಆಗಿ 100ರ ಬಾಟ್ಲಿಯಿಂದ ಕೆಂಪು ಸಿರಿಂಜಿನಲ್ಲಿ ಎಳೆದರೆ 50! ಅತ್ತೆಯದು ಕೆಂಪೇ ಇತ್ತು. ಉಸಿರು ಬಿಟ್ಟೆ.

ತಿಂಗಳಾದ ಮೇಲೆ ಊರಿಗೆ ಹೋದಾಗ ಮಡಕೆಯೊಳಗೆ ಥರ್ಮಾಮೀಟರ್ ಇಟ್ಟು ನೋಡಿದೆ. ಮಧ್ಯಾಹ್ನ ಎರಡು ಗಂಟೆ. ಪಡಸಾಲೆಯಲ್ಲಿ 38, ಮಡಕೆಯಲ್ಲಿ 28. ಡಬ್ಬಿ ಮುಚ್ಚಳ ತೆಗೆದರೆ ಎರಡು ಬಾಟ್ಲಿ.

"ಇನ್ನೊಂದು ಯಾರದು ಅತ್ತೆ?"

"ಪಕ್ಕದ ಮನೆಯವರದು. ಅವರ ಫ್ರಿಜ್ ಕೆಟ್ಟಿದೆಯಂತೆ" ಅಂದು, ಚೊಂಬಿನಲ್ಲಿದ್ದ ನೀರನ್ನು ಮರಳಿನ ಸುತ್ತ ಹನಿಸತೊಡಗಿದರು.