ಜಿಂಬಾಬ್ವೆಯ ಮೇಷ್ಟ್ರು ಬೋಟ್ಸ್‌ವಾನಾಕ್ಕೆ ಹೋದದ್ದು ಯಾಕೆ?

ಬುಲವಾಯೊ ನಗರದಿಂದ ನೈರುತ್ಯಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ಪ್ಲಮ್‌ಟ್ರೀ. ಜಿಂಬಾಬ್ವೆಯ ಗಡಿ ಊರು. ಅದರಾಚೆ ಬೋಟ್ಸ್‌ವಾನಾ. ಎರಡೂ ಕಡೆ ಅದೇ ಕುರುಚಲು ಕಾಡು, ಅದೇ ಬಿಸಿಲು, ಅದೇ ಕಲಂಗ ಮಾತಾಡುವ ಜನ. ಆದರೂ ಕಳೆದ 25 ವರ್ಷಗಳಿಂದ ಕೆಲಸ ಹುಡುಕಿಕೊಂಡು ಗಡಿ ದಾಟುವವರು ಹೊರಡುವುದು ಹೆಚ್ಚಾಗಿ ಪೂರ್ವದಿಂದ ಪಶ್ಚಿಮಕ್ಕೆ. ಮನೆಗೆಲಸದವರು, ಗಾರೆ ಕೆಲಸದವರು, ನರ್ಸುಗಳು, ಓದಿದ ಮೇಷ್ಟ್ರುಗಳು.

ಒಂದು ದೇಶ ಉದ್ಧಾರವಾಯಿತು, ಇನ್ನೊಂದು ಹಾಳಾಯಿತು ಎಂದು ಸುಮ್ನೆ ಹೇಳಿಬಿಡುವವರೇ ಜಾಸ್ತಿ. ಆದರೆ ಮೊದಲಿಗೆ ಲೆಕ್ಕ ತಿರುಗುಮುರುಗಾಗಿತ್ತು.

1966ರಲ್ಲಿ ಸ್ವತಂತ್ರವಾದಾಗ ಇಡೀ ಬೋಟ್ಸ್‌ವಾನಾದಲ್ಲಿ ಇದ್ದದ್ದು ಕೆಲವೇ ಕಿಲೋಮೀಟರ್ ಡಾಂಬರು ರಸ್ತೆ. ಪದವಿ ಪಡೆದವರನ್ನು ಒಂದೇ ಕೋಣೆಯಲ್ಲಿ ಕೂರಿಸಬಹುದಿತ್ತು. ಬ್ರಿಟಿಷರ ಕಾಲದಲ್ಲಿ ಅದರ ಆಡಳಿತ ನಡೆಯುತ್ತಿದ್ದ ಮಾಫಿಕೆಂಗ್ ಕೂಡ ದಕ್ಷಿಣ ಆಫ್ರಿಕಾದ ನೆಲದಲ್ಲಿತ್ತು. ಆಗ ರೊಡೇಶಿಯಾ ಎನ್ನಿಸಿಕೊಳ್ಳುತ್ತಿದ್ದ ಜಿಂಬಾಬ್ವೆಯಲ್ಲಿ ರೈಲು, ಕಾರ್ಖಾನೆ, ತಂಬಾಕು ತೋಟ, ಕರೀಬಾ ಅಣೆಕಟ್ಟು, ಎಲ್ಲವೂ ಇದ್ದವು. ಆದರೆ ಅದರ ಸುಖ ಬಿಳಿಯರ ಪಾಲಿಗೆ. ಒಳ್ಳೆಯ ಭೂಮಿಯನ್ನು 1930ರ ಕಾಯ್ದೆಯೇ ಅವರಿಗೆ ಕೊಟ್ಟಿತ್ತು. 1965ರಲ್ಲಿ ಅವರು ತಾವೇ ಸ್ವಾತಂತ್ರ್ಯ ಘೋಷಿಸಿಕೊಂಡರು. ಆಮೇಲೆ ಅವರ ಆಳ್ವಿಕೆಯ ವಿರುದ್ಧ ಯುದ್ಧ, ಸಾವಿರಾರು ಸಾವು, 1980ರಲ್ಲಿ ನಿಜವಾದ ಸ್ವಾತಂತ್ರ್ಯ.

ಅಷ್ಟರಲ್ಲಿ ಬೋಟ್ಸ್‌ವಾನಾಕ್ಕೆ ವಜ್ರ ಸಿಕ್ಕಿತ್ತು. ಒರಾಪಾದಲ್ಲಿ, 1967ರಲ್ಲಿ. ಅದು ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಬಮಾಂಗ್ವಾಟೊ ಬುಡಕಟ್ಟಿನ ನೆಲ. ಆದರೂ ಅದೇ ವರ್ಷ ಬಂದ ಕಾನೂನು ಬುಡಕಟ್ಟುಗಳ ನೆಲದಡಿಯ ಖನಿಜವನ್ನು ದೇಶದ ಪಾಲಿಗೆ ತಂದಿತು. ನನಗೆ ಈ ಕಥೆಯಲ್ಲಿ ತುಂಬಾ ಹಿಡಿಸುವ ಘಟ್ಟ ಇದು. ವಜ್ರದ ಹಣ ರಸ್ತೆ, ಶಾಲೆ, ಕ್ಲಿನಿಕ್ಕಿಗೆ ಹೋಯಿತು. ಒಂದಿಷ್ಟು ಮುಂದಿನ ಪೀಳಿಗೆಗೆಂದು 1994ರಲ್ಲಿ ಶುರುವಾದ ಪುಲಾ ನಿಧಿಗೆ ಸೇರಿತು. ಪುಲಾ ಅಂದರೆ ಮಳೆ. ಬರಗಾಲದ ದೇಶ ತನ್ನ ನಾಣ್ಯಕ್ಕೆ ಇಟ್ಟುಕೊಂಡ ಹೆಸರು ಅದು.

ಜಿಂಬಾಬ್ವೆಯೂ ಸುಮ್ಮನೆ ಕೂತಿರಲಿಲ್ಲ. ಮೊದಲ ಹತ್ತು ವರ್ಷ ಅದು ಕಟ್ಟಿದ್ದು ಶಾಲೆಗಳನ್ನು. ಹೈಸ್ಕೂಲು ಮಕ್ಕಳ ಸಂಖ್ಯೆ ಹಲವು ಪಟ್ಟು ಏರಿತು. ಜಿಂಬಾಬ್ವೆ ಮೇಷ್ಟ್ರಿಗೆ ಇಡೀ ಪ್ರದೇಶದಲ್ಲಿ ಹೆಸರು ಬಂದದ್ದು ಆಗಲೇ. 1980ರಲ್ಲಿ ಅದರ ಡಾಲರ್ ಅಮೆರಿಕದ ಡಾಲರ್‌ಗಿಂತ ತೂಕದ್ದಾಗಿತ್ತು.

1991ರ ಆರ್ಥಿಕ ಸುಧಾರಣೆಯ ಜೊತೆ ಶಾಲೆ, ಆಸ್ಪತ್ರೆಗೆ ಶುಲ್ಕ ಬಂತು. ಮರುವರ್ಷ ಭೀಕರ ಬರ. 1997ರಲ್ಲಿ ಸ್ವಾತಂತ್ರ್ಯ ಯುದ್ಧದ ಮಾಜಿ ಹೋರಾಟಗಾರರಿಗೆ ಬಜೆಟ್ಟಿನಲ್ಲಿ ಇಲ್ಲದ ದೊಡ್ಡ ಮೊತ್ತ ಕೊಡಲು ಒಪ್ಪಲಾಯಿತು. ಆ ನವೆಂಬರ್ 14ರಂದು ಒಂದೇ ದಿನದಲ್ಲಿ ನಾಣ್ಯ ಕುಸಿಯಿತು. ಮರುವರ್ಷ ಕಾಂಗೊ ಯುದ್ಧಕ್ಕೆ ಸೈನ್ಯ ಹೊರಟಿತು. 2000ದಲ್ಲಿ ಬಿಳಿಯರ ತೋಟಗಳ ವಶ. ಭೂಮಿಯ ಪ್ರಶ್ನೆ ನ್ಯಾಯವಾದದ್ದೇ. ಉಳುವವನೇ ಒಡೆಯ ಎಂಬ ಮಾತು ಕೇಳಿ ಬೆಳೆದ ನಮಗೆ ಅದು ಅರ್ಥವಾಗುತ್ತದೆ, ಅಲ್ವಾ? ಆದರೆ ಹೊಸ ರೈತನ ಕೈಗೆ ಬ್ಯಾಂಕು ಒಪ್ಪುವಂಥ ಹಕ್ಕುಪತ್ರ ಬರಲಿಲ್ಲ, ಸಾಲ ಹುಟ್ಟಲಿಲ್ಲ, ಬೆಳೆ ಕುಸಿಯಿತು. ಖಜಾನೆ ಖಾಲಿಯಾದಾಗ ನೋಟು ಮುದ್ರಿಸಲಾಯಿತು.

2006ರಲ್ಲಿ ನೋಟಿನ ಮೂರು ಸೊನ್ನೆ ತೆಗೆದರು. 2008ರಲ್ಲಿ ಹತ್ತು. 2009ರಲ್ಲಿ ಹನ್ನೆರಡು. ಒಟ್ಟು 25 ಸೊನ್ನೆ. ನೂರು ಲಕ್ಷ ಕೋಟಿಯ ನೋಟು ಬಂತು. ಬೆಳಗಿನ ಬೆಲೆ ಸಂಜೆಗೆ ಇರುತ್ತಿರಲಿಲ್ಲ. ಬ್ಯಾಂಕಿನ ಮುಂದೆ ರಾತ್ರಿಯಿಡೀ ಸಾಲು ನಿಂತು ತೆಗೆದ ಹಣ ಬ್ರೆಡ್ಡಿಗೂ ಸಾಲುತ್ತಿರಲಿಲ್ಲ. ಜೀವಮಾನವಿಡೀ ದುಡಿದವರ ಪಿಂಚಣಿ ಕರಗಿಹೋಯಿತು. ಮೇಷ್ಟ್ರ ತಿಂಗಳ ಸಂಬಳ ಶಾಲೆಗೆ ಹೋಗುವ ಬಸ್ಸಿನ ಖರ್ಚಿಗೂ ಬಾರದಾಯಿತು. ಅವರು ಶಾಲೆ ಬಿಟ್ಟರು, ಗಡಿ ದಾಟಿದರು. ಅದೇ ಹೊತ್ತಿಗೆ ಬಂದ ಕಾಲರಾ 4,000ಕ್ಕೂ ಹೆಚ್ಚು ಜನರನ್ನು ಕೊಂದಿತು. ಸ್ವಂತ ಡಾಲರ್ ಕೈಬಿಟ್ಟ ಮೇಲೆ ಪಕ್ಕದ ಪುಲಾವೇ ಅಲ್ಲಿ ಚಲಾವಣೆಯ ಹಣಗಳಲ್ಲಿ ಒಂದಾಯಿತು. 2014ರಲ್ಲಿ ಆ ಪಟ್ಟಿಗೆ ನಮ್ಮ ರೂಪಾಯಿಯೂ ಸೇರಿತು.

ಆಚೆ ಕಡೆ ಎಲ್ಲರೂ ತೋಳು ಚಾಚಿ ಕರೆದರು ಎಂದೇನಲ್ಲ. 2003ರಲ್ಲಿ ಬೋಟ್ಸ್‌ವಾನಾ ಗಡಿಗೆ ವಿದ್ಯುತ್ ಬೇಲಿ ಕಟ್ಟಲು ಶುರುಮಾಡಿತು. ದನಗಳ ಕಾಲುಬಾಯಿ ಜ್ವರ ತಡೆಯಲು ಎಂದಿತು. ಜಿಂಬಾಬ್ವೆಯವರು ಅದನ್ನು ತಮ್ಮನ್ನು ತಡೆಯುವ ಬೇಲಿ ಎಂದೇ ಓದಿಕೊಂಡರು. ಒಳಗೂ ಎಲ್ಲರ ಬದುಕು ಹಸನಾಗಿರಲಿಲ್ಲ. ಕಲಹರಿ ಮರುಭೂಮಿಯ ಮೂಲನಿವಾಸಿ ಸಾನ್ ಜನ ತಮ್ಮ ನೆಲಕ್ಕೆ ಮರಳಲು ಕೋರ್ಟಿಗೆ ಹೋಗಬೇಕಾಯಿತು, 2006ರಲ್ಲಿ ಗೆದ್ದರು.

ಏಡ್ಸ್ ಮಾತ್ರ ಗಡಿ ನೋಡಲಿಲ್ಲ. ಒಂದು ಹೊತ್ತಿನಲ್ಲಿ ಎರಡೂ ಕಡೆ ಸುಮಾರು ನಾಲ್ವರು ವಯಸ್ಕರಲ್ಲಿ ಒಬ್ಬರಿಗೆ ಸೋಂಕಿತ್ತು. ವಜ್ರವಿದ್ದ ದೇಶದಲ್ಲೂ 60 ದಾಟಿದ್ದ ಸರಾಸರಿ ಆಯಸ್ಸು 50ರ ಆಸುಪಾಸಿಗೆ ಇಳಿಯಿತು. ಬೋಟ್ಸ್‌ವಾನಾ 2002ರಲ್ಲಿ ಉಚಿತ ಔಷಧಿ ಶುರುಮಾಡಿತು, ಹಣವಿತ್ತು. ಜಿಂಬಾಬ್ವೆ ಆದಾಯ ತೆರಿಗೆಯ ಮೇಲೆ 3% ಏಡ್ಸ್ ಸುಂಕ ಹಾಕಿತು. ಅಷ್ಟು ಕಷ್ಟದಲ್ಲೂ ಅದು ಮಾಡಿದ ಈ ಕೆಲಸವನ್ನು ಹೋಲಿಕೆ ಮಾಡುವವರು ಮರೆಯುತ್ತಾರೆ.

ಈಗ ವಜ್ರದ ಬೇಡಿಕೆ ಬಿದ್ದಿದೆ, ಪ್ರಯೋಗಾಲಯದ ವಜ್ರ ಅಗ್ಗವಾಗಿದೆ. 2024ರ ಚುನಾವಣೆಯಲ್ಲಿ ಬೋಟ್ಸ್‌ವಾನಾದ ಜನ 58 ವರ್ಷ ಆಳಿದ ಪಕ್ಷವನ್ನು ಇಳಿಸಿದರು. ಹೊಸ ಅಧ್ಯಕ್ಷ ಡುಮಾ ಬೊಕೊ ಕಾಗದಪತ್ರ ಇಲ್ಲದ ಜಿಂಬಾಬ್ವೆಯವರಿಗೆ ತಾತ್ಕಾಲಿಕ ಪರವಾನಗಿ ಕೊಡುವ ಮಾತಾಡಿದರು. ಮರುವರ್ಷ ಆಗಸ್ಟ್‌ನಲ್ಲಿ ಬೋಟ್ಸ್‌ವಾನಾದ ಆಸ್ಪತ್ರೆಗಳಲ್ಲೇ ಔಷಧಿ ಮುಗಿದು, ಆರೋಗ್ಯ ತುರ್ತುಸ್ಥಿತಿ ಘೋಷಿಸಬೇಕಾಯಿತು. ಜಿಂಬಾಬ್ವೆ 2024ರಲ್ಲಿ ಜಿಗ್ ಎಂಬ ಹೊಸ ನಾಣ್ಯ ತಂದಿತು. ಆದರೂ ಅಂಗಡಿಯಲ್ಲಿ ಜನ ಈಗಲೂ ಹೆಚ್ಚಾಗಿ ಕೊಡುವುದು ಅಮೆರಿಕದ ಡಾಲರನ್ನೇ.